ಅಣ್ಣನಿಗೆ ನಾಟಿದ ಮಾತ್ರೆ ನಮಗೂ ನಾಟಿದೆಯೇ ಎಂದು ನೋಡಿಕೊಳ್ಳುವ ಬಗೆ

ಕೊಡಗಿನ ನಾಪೋಕ್ಲಿನಲ್ಲಿ ನಮ್ಮ ತೋಟವೂ ಅಣ್ಣನ ತೋಟವೂ ಒಂದೇ ಬೇಲಿಯ ಆಚೆ ಈಚೆ. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರ ಮೂತ್ರದಲ್ಲೂ ಅಲ್ಬುಮಿನ್ ಎಂಬ ಪ್ರೋಟೀನ್, ಅಂದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಗುರುತು. ವೈದ್ಯರು ಇಬ್ಬರಿಗೂ ರಕ್ತದೊತ್ತಡ ಇಳಿಸಿ ಮೂತ್ರಪಿಂಡ ಕಾಯುವ ಲೊಸಾರ್ಟನ್ ಮಾತ್ರೆಯನ್ನು 50 ಮಿಲಿಗ್ರಾಂ ಬರೆದರು. ಆರು ತಿಂಗಳಲ್ಲಿ ಅಣ್ಣನ ಅಲ್ಬುಮಿನ್ ಅಂಕಿ 420ರಿಂದ 160ಕ್ಕೆ ಇಳಿಯಿತು, ನನ್ನದು 380ರಿಂದ 350ಕ್ಕೆ. ‘ನಿನಗೆ ಇದು ನಾಟಲಿಲ್ಲ, ಬಿಟ್ಟುಬಿಡು’ ಎಂದರು ನೆಂಟರು. ದಯವಿಟ್ಟು ಯಾರೂ ಹಾಗೆ ಬಿಡಬೇಡಿ.

ಒಡಹುಟ್ಟಿದವರಲ್ಲಿಯೂ ಜೀನ್‌ಗಳು ಸರಾಸರಿ ಅರ್ಧದಷ್ಟೇ ಹೊಂದುತ್ತವೆ. ಲೊಸಾರ್ಟನ್ ನುಂಗಿದ ಮೇಲೆ ಯಕೃತ್ತಿನ ಸಿವೈಪಿ2ಸಿ9 ಎಂಬ ಕಿಣ್ವ ಅದನ್ನು ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತದೆ. ಕೆಲವರಿಗೆ ಈ ಕಿಣ್ವ ಹುಟ್ಟಿನಿಂದಲೇ ನಿಧಾನ. ಎಸಿಇ ಎಂಬ ಇನ್ನೊಂದು ಜೀನ್‌ನಲ್ಲಿ ಐ, ಡಿ ಎಂಬ ಎರಡು ರೂಪಗಳಿವೆ. ಎರಡು ಡಿ ಇರುವವರ ರಕ್ತದಲ್ಲಿ ರಕ್ತದೊತ್ತಡ ಏರಿಸುವ ಎಸಿಇ ಕಿಣ್ವ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಲ್ಲಿ ಲೊಸಾರ್ಟನ್ ಪರೀಕ್ಷಿಸಿ 2001ರಲ್ಲಿ ಪ್ರಕಟವಾದ ರೀನಾಲ್ ಪ್ರಯೋಗದಲ್ಲಿ 1513 ಮಂದಿ ಇದ್ದರು. ಅವರ ಜೀನ್‌ಗಳನ್ನು ಮುಂದೆ ನೋಡಿದಾಗ ಡಿ ಇದ್ದವರಿಗೆ ಲೊಸಾರ್ಟನ್‌ನಿಂದ ಹೆಚ್ಚು ಲಾಭ ಕಂಡಿತ್ತು. ಹಾಗೆಂದು ಜೀನ್ ಪರೀಕ್ಷೆಗೆ ಹಣ ಸುರಿಯಬೇಕಾಗಿಲ್ಲ. ಆ ಫಲಿತಾಂಶ ನೋಡಿ ಈ ಮಾತ್ರೆ ಬರೆಯುವ ವಾಡಿಕೆ ಇಲ್ಲ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ನಿಮ್ಮದೇ ಮೂತ್ರ. ಅದನ್ನು ಸರಿಯಾಗಿ ಕೊಡುವುದನ್ನು ಕಲಿಯಿರಿ.

ಪ್ರಯೋಗಾಲಯದಲ್ಲಿ ಬರಿಯ ಅಲ್ಬುಮಿನ್ ಅಲ್ಲ, ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಬೇಕೆಂದು ಕೇಳಿ (ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕಸ). ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ತೀರ ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರವೇ ಒಳ್ಳೆಯದು. ಜ್ವರ ಅಥವಾ ಉರಿಮೂತ್ರ ಇದ್ದಾಗ ಬೇಡ. ಕಾಫಿ ಕುಯ್ಲಿನ ದಿನಗಳಲ್ಲಿ ಮೂಟೆ ಹೊತ್ತ ಮರುದಿನವೂ ಬೇಡ, ದುಡಿದ ಮೈ ಅಂಕಿಯನ್ನು ಏರಿಸುತ್ತದೆ. ನನ್ನ ಮೊದಲ ಎರಡು ಪರೀಕ್ಷೆಗಳು ಹೀಗೆಯೇ ಹಾಳಾದವು. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ಉಂಡರೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತು. ಆ ಬಣ್ಣ, ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯ ಪರೀಕ್ಷೆಯನ್ನು ದಾರಿ ತಪ್ಪಿಸಬಹುದು, ಅದು ತಿಳಿಯಾಗುವವರೆಗೆ ಕಾಯಿರಿ. ಒಂದೇ ಅಂಕಿ ನಂಬದೆ ಮೂರು ತಿಂಗಳ ಅಂತರದಲ್ಲಿ ಮತ್ತೆ ನೋಡಿಸಿ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಅನುಪಾತ, ರಕ್ತದೊತ್ತಡ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಮಾತ್ರೆಯ ಪ್ರಮಾಣ ಬರೆಯಿರಿ. ತಪ್ಪಿಸಿದ ಮಾತ್ರೆಗಳನ್ನೂ, ಸೊಂಟನೋವಿಗೆ ನುಂಗಿದ ಡೈಕ್ಲೋಫೆನಾಕನ್ನೂ ಮುಚ್ಚಿಡದೆ ಬರೆಯಿರಿ, ಏಕೆಂದರೆ ಆ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸಿ ಅದಕ್ಕೆ ಹಾನಿ ಮಾಡಬಹುದು, ಲೊಸಾರ್ಟನ್ನಿನ ಕೆಲಸವನ್ನೂ ತಗ್ಗಿಸಬಹುದು. ಲೊಸಾರ್ಟನ್ ಶುರುವಾದ ಒಂದೆರಡು ವಾರಗಳಲ್ಲಿ ರಕ್ತಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ. ಶೇಕಡಾ 30ಕ್ಕಿಂತ ಹೆಚ್ಚು ಏರಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ.

ನನ್ನ ನೋಟ್‌ಬುಕ್ ನೋಡಿದ ವೈದ್ಯರು ಲೊಸಾರ್ಟನ್ ಅನ್ನು 100ಕ್ಕೆ ಏರಿಸಿ, ಉಪ್ಪು ಇಳಿಸಿ, ಡಾಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಇದರ ದಾರಿ ಬೇರೆ: ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುತ್ತದೆ. ಹಾಗಾಗಿ ಮೂತ್ರದಲ್ಲಿ ಸಕ್ಕರೆ ಕಂಡರೆ ಅದು ಮಾತ್ರೆಯದೇ ಕೆಲಸ. ಮಳೆಗಾಲದ ವಾಂತಿ ಭೇದಿಯಲ್ಲಿ ಊಟ ಸೇರದಿದ್ದರೆ ಇದನ್ನು ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು. ನನ್ನ ಅಂಕಿ ಈಗ 190.

ಅಣ್ಣನಿಗೆ ಮೂತ್ರಪಿಂಡ ಕಾಯುವ ಫಿನರೆನೋನ್ ಎಂಬ ಮಾತ್ರೆ ಸೇರಿದೆ. ಅದನ್ನು ಕರಗಿಸುವ ಸಿವೈಪಿ3ಎ4 ಕಿಣ್ವವನ್ನು ಗ್ರೇಪ್‌ಫ್ರೂಟ್ ತಡೆಯುತ್ತದೆ, ಆಗ ರಕ್ತದಲ್ಲಿ ಮಾತ್ರೆ ಹೆಚ್ಚಾಗಿ ಉಳಿಯುತ್ತದೆ. ನಮ್ಮ ಚಕ್ಕೋತ ಅದೇ ಕುಲದ್ದು. ಅಣ್ಣನ ಹಿತ್ತಿಲಿನ ಚಕ್ಕೋತ ಈ ಸಲ ಪೂರ್ತಿ ಅತ್ತಿಗೆಯ ತವರಿಗೆ ಹೋಯಿತು.