ಜೆಟ್ ಸ್ಕೀ ಇಂಜಿನ್‌ಗೆ ನೀರು ಹೊಕ್ಕಾಗ

ಕಾರವಾರದಲ್ಲಿ ಜೆಟ್ ಸ್ಕೀ ಓಡಿಸುವವರಿಗೆ ಕಾಳಿ ಅಳಿವೆ ಹೇಗಿರುತ್ತೆ ಅಂತ ಗೊತ್ತು. ಇಳಿತದ ಹೊತ್ತಿಗೆ ಹೊಳೆ ಹೊರಗೆ ನುಗ್ಗುತ್ತದೆ, ಎದುರಿನಿಂದ ಅಲೆ ಬರುತ್ತದೆ. ಅಂಥ ಜಾಗದಲ್ಲೇ ಒಬ್ಬರು ಜೋರಾಗಿ ತಿರುಗಿಸಿ ಗಾಡಿ ಮಗುಚಿದರು. ನಾವು ಹೋಗುವಷ್ಟರಲ್ಲಿ ಅದು ತಲೆಕೆಳಗಾಗಿ ತೇಲುತ್ತಿತ್ತು.

ಎತ್ತುವುದಕ್ಕೂ ಒಂದು ದಿಕ್ಕಿದೆ. ಹಿಂಭಾಗದ ಸ್ಟಿಕ್ಕರಿನಲ್ಲಿ ಬಾಣದ ಗುರುತು ಇರುತ್ತೆ, ಆ ಕಡೆಗೇ ಹೊರಳಿಸಬೇಕು. ಉಲ್ಟಾ ಹೊರಳಿಸಿದರೆ ಸೈಲೆನ್ಸರ್ ಕಡೆ ನಿಂತ ನೀರೂ ಇಂಜಿನ್‌ಗೆ ಇಳಿಯುತ್ತದೆ.

ನಮ್ಮ ಹುಡುಗನಿಗೆ ಅವಸರ. "ಅಣ್ಣಾ, ಒಂದ್ಸಲ ಸ್ಟಾರ್ಟ್ ಹೊಡೆದು ನೋಡ್ಲಾ?"

"ಬೇಡ ಮಾರಾಯಾ, ಆ ಬಟನ್ ಮುಟ್ಟಬೇಡ."

ಗಾಳಿಯನ್ನು ಪಿಸ್ಟನ್ ಒತ್ತಬಹುದು, ನೀರನ್ನು ಒತ್ತೋಕಾಗಲ್ಲ. ಸಿಲಿಂಡರ್‌ನಲ್ಲಿ ನೀರು ತುಂಬಿರುವಾಗ ಸ್ಟಾರ್ಟ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಆಮೇಲೆ ಇಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ.

ದೋಣಿಗೆ ಹಗ್ಗ ಕಟ್ಟಿ ಎಳೆದೆವು, ತೀರಾ ನಿಧಾನಕ್ಕೆ. ವೇಗವಾಗಿ ಎಳೆದರೆ ಕೂಲಿಂಗ್ ಪೈಪಿಗೆ ನೀರು ನುಗ್ಗುತ್ತೆ. ಇಂಜಿನ್ ಓಡುತ್ತಿಲ್ಲವಲ್ಲ, ಅದನ್ನು ಹೊರಗೆ ದಬ್ಬಲು ಹೊಗೆ ಇರಲ್ಲ, ಸೈಲೆನ್ಸರ್ ತುಂಬಿ ಇಂಜಿನ್‌ಗೇ ಬರುತ್ತೆ.

ದಡದಲ್ಲಿ ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿ ಹೊಟ್ಟೆಯ ನೀರು ಇಳಿಸಿದೆವು. ಏರ್ ಫಿಲ್ಟರ್ ಡಬ್ಬಿ ಒರೆಸಿ, ಸ್ಪಾರ್ಕ್ ಪ್ಲಗ್ ಎಲ್ಲಾ ತೆಗೆದೆವು. ನಮ್ಮ ಗಾಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಕೊಟ್ಟರೆ ಪೆಟ್ರೋಲೂ ಬರಲ್ಲ, ಕಿಡಿಯೂ ಬರಲ್ಲ. ಹಾಗೆ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ತಿರುಗಿಸಿದೆವು. ಪ್ಲಗ್ ತೂತಿನಿಂದ ಉಪ್ಪುನೀರು ಮೇಲಕ್ಕೆ ಚಿಮ್ಮಿತು. ಬಗ್ಗಿ ನೋಡೋಕೆ ಹೋಗಬೇಡಿ, ಕಣ್ಣಿಗೇ ಬೀಳುತ್ತೆ. ಬರೀ ಗಾಳಿ ಬರುವವರೆಗೆ ಮಾಡಿ, ಸಿಲಿಂಡರ್ ಒಳಗೆ ಫಾಗಿಂಗ್ ಆಯಿಲ್, ಅಂದರೆ ತುಕ್ಕು ತಡೆಯೋ ಸ್ಪ್ರೇ ಎಣ್ಣೆ, ಹೊಡೆದೆವು. ಇಷ್ಟೆಲ್ಲಾ ಅವತ್ತೇ ಆಗಬೇಕು. ಉಪ್ಪುನೀರು ನಾಳೆವರೆಗೆ ಕಾಯಲ್ಲ, ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಶುರು.

ನಿಜವಾಗಿ ತಲೆ ತಿಂದಿದ್ದು ಆಯಿಲ್. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಗುರುತಿಗಿಂತ ಮೇಲೆ ನಿಂತಿತ್ತು, ಬಣ್ಣ ಹಾಲು ಜಾಸ್ತಿ ಹಾಕಿದ ಚಹಾದ ಹಾಗೆ. ನೀರು ಕೆಳಗೂ ಇಳಿದಿದೆ ಅಂತ ಅರ್ಥ. ಇದರ ಆಯಿಲನ್ನು ಬೈಕಿನ ಹಾಗೆ ಅಡಿಯಿಂದ ಬಿಡೋಕಾಗಲ್ಲ. ಡಿಪ್‌ಸ್ಟಿಕ್ ತೂತಿನಲ್ಲಿ ಪೈಪ್ ಇಳಿಸಿ ಪಂಪಿನಿಂದ ಎಳೆಯಬೇಕು. ಎಷ್ಟು ಎಳೆದರೂ ಒಂದಿಷ್ಟು ಒಳಗೇ ಉಳಿಯುತ್ತೆ, ಅದರ ಜೊತೆ ನೀರೂ ಉಳಿಯುತ್ತೆ. ಹಾಗಾಗಿ ಒಂದು ಸಲ ಬದಲಿಸಿ ಸುಮ್ನೆ ಕೂರುವ ಹಾಗಿಲ್ಲ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಎಳೆಯಬೇಕು. ಬಿಳಿ ಛಾಯೆ ಪೂರ್ತಿ ಹೋಗುವವರೆಗೂ ಅದೇ ಕೆಲಸ. ಆಯಿಲ್ ಖರ್ಚು ನೋಡಿ ನಡುವೆ ಕೈಬಿಡೋಣ ಅನಿಸುತ್ತೆ. ಬಿಟ್ಟರೆ ಬೇರಿಂಗ್ ಹೋಗುತ್ತೆ, ಲೆಕ್ಕ ನೀವೇ ಹಾಕಿ. ಬಣ್ಣ ಸರಿಯಾದ ಮೇಲೆ ಹೊಳೆಯ ಒಳಭಾಗಕ್ಕೆ, ಅಲೆ ಇಲ್ಲದ ಕಡೆ ಒಯ್ದು, ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿದೆವು. ಉಳಿದ ಪಸೆ ಹೋಗುವುದು ಆ ಬಿಸಿಗೇ.

ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವಾಗ ಪೈಪ್ ಜೋಡಿಸಿ ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಳ್ಳಿ. ನಿಲ್ಲಿಸುವಾಗ ಮೊದಲು ನಳ್ಳಿ, ಕೂಡಲೇ ಇಂಜಿನ್. ಇದು ತಿರುಗುಮುರುಗು ಆದರೆ ನಳ್ಳಿ ನೀರೇ ಸೈಲೆನ್ಸರ್ ತುಂಬಿ ಸಿಲಿಂಡರಿಗೆ ಬರುತ್ತೆ. ಅಳಿವೆ ಕಡೆ ಹೋಗದೆ, ಶೆಡ್ಡಿನಲ್ಲೇ ಇಂಜಿನ್ ಮುಳುಗಿಸಿದ ಹಾಗೆ.