ಮೌಸ್ ಕೊಳ್ಳುವ ಮುನ್ನ ಕೈ ಅಳೆಯಿರಿ

ಮೌಸ್ ಕೊಳ್ಳುವಾಗ ಬೆಲೆ ಕೇಳುತ್ತೇವೆ, ವೈರ್ ಇದೆಯಾ ಎಂದು ನೋಡುತ್ತೇವೆ. ಕೈಗೆ ಹೊಂದುತ್ತದೆಯೇ ಎಂದು ನೋಡುವವರು ಕಡಿಮೆ. ದಿನವಿಡೀ ಹಿಡಿದಿರುವ ವಸ್ತು ಅಲ್ವಾ?

ಮೊದಲು ನೋವು ಎಲ್ಲಿದೆ ಎಂದು ಗುರುತಿಸಿ. ಮಣಿಕಟ್ಟೋ, ಹೆಬ್ಬೆರಳೋ, ಭುಜವೋ? ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ. ಮಣಿಕಟ್ಟಿನಲ್ಲಿ ನರ ಅದುಮಿಹೋಗಿರಬಹುದು.

ಆಮೇಲೆ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಸುಮಾರು 17 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಚಿಕ್ಕ ಮೌಸ್, 19ಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು. ಲ್ಯಾಪ್‌ಟಾಪ್ ಬ್ಯಾಗಿಗೆಂದು ಮಾಡಿದ ಪುಟಾಣಿ ಮೌಸನ್ನು ದೊಡ್ಡ ಕೈಯವರು ಹಿಡಿದರೆ ಬೆರಳುಗಳು ಸದಾ ಮಡಚಿಕೊಂಡೇ ಇರುತ್ತವೆ.

ಮಣಿಕಟ್ಟು, ಮುಂಗೈ ನೋಯುವವರು ವರ್ಟಿಕಲ್ ಮೌಸ್, ಅಂದರೆ ಅಂಗೈ ಪಕ್ಕಕ್ಕೆ ತಿರುಗುವಂತೆ ನಿಲುವಾಗಿ ಹಿಡಿಯುವ ಮೌಸ್, ನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಈಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಹಾಯ್ದಿವೆ. ಕೈಕುಲುಕುವ ಹಾಗೆ ತಿರುಗಿಸಿ, ಅವು ಪಕ್ಕಪಕ್ಕ ಬರುತ್ತವೆ, ಬಿಗಿತ ಸಡಿಲುತ್ತದೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ ಇದಕ್ಕೆಂದೇ 57 ಡಿಗ್ರಿ ವಾಲಿಕೊಂಡಿದೆ. ಆದರೆ ತೀರಾ ಹಗುರದ್ದು ಬೇಡ. ಕ್ಲಿಕ್ ಮಾಡಿದಾಗ ಪಕ್ಕಕ್ಕೆ ಜಾರುತ್ತದೆ, ಅದನ್ನು ತಡೆಯಲು ಹೆಬ್ಬೆರಳು ಸುಮ್ನೆ ದುಡಿಯಬೇಕಾಗುತ್ತದೆ.

ಭುಜ ನೋಯುತ್ತಿದ್ದರೆ, ಮೇಜು ಇಕ್ಕಟ್ಟಾಗಿದ್ದರೆ ಟ್ರ್ಯಾಕ್‌ಬಾಲ್, ಅಂದರೆ ಚೆಂಡು ಕೂರಿಸಿದ, ಇಟ್ಟಲ್ಲೇ ಇರುವ ಮೌಸ್, ಒಳ್ಳೆಯದು. ತೋಳು ಅಲುಗಿಸದೆ ಚೆಂಡನ್ನಷ್ಟೇ ಉರುಳಿಸಿದರೆ ಸಾಕು. ಇದರಲ್ಲಿ ಎರಡು ಬಗೆ. ಲಾಜಿಟೆಕ್ ಎರ್ಗೋ ಎಂ575ರಲ್ಲಿ ಚೆಂಡು ಹೆಬ್ಬೆರಳಿನ ಕೆಳಗೆ, ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್‌ನಲ್ಲಿ ಉಳಿದ ಬೆರಳುಗಳ ಕೆಳಗೆ. ಫೋನ್ ಉಜ್ಜಿ ಉಜ್ಜಿ ಹೆಬ್ಬೆರಳಿನ ಬುಡ ನೋಯುವವರು ಮೊದಲನೆಯದನ್ನು ಕೊಳ್ಳಲೇಬೇಡಿ. ಚೆಂಡಿನ ಗುಳಿಯ ದೂಳನ್ನು ಆಗಾಗ ಒರೆಸುತ್ತಿರಿ, ಇಲ್ಲದಿದ್ದರೆ ಉರುಳುವುದು ಬಿಗಿಯಾಗುತ್ತದೆ.

ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮಾಡುವವರ ಕಷ್ಟ ಬೇರೆ. ಬಟನ್ ಒತ್ತಿ ಹಿಡಿದು ಎಳೆಯುವುದೇ ಅವರ ಕೆಲಸ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಕ್ಲಿಕ್‌ಲಾಕ್ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಹಿಡಿತ ಹಾಗೇ ಉಳಿಯುತ್ತದೆ, ಬೆರಳಿಗೆ ಬಿಡುವು. ಖರ್ಚೂ ಇಲ್ಲ.

ಯಾವುದನ್ನೇ ಕೊಂಡರೂ ಇಡುವ ಜಾಗ ಮುಖ್ಯ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಮೌಸನ್ನು ಬಲಕ್ಕೆ ದೂರ ತಳ್ಳುತ್ತದೆ, ಭುಜ ನೋಯುವುದು ಹೀಗೂ ಶುರುವಾಗುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಚಿಕ್ಕ ಕೀಬೋರ್ಡ್ ತೆಗೆದುಕೊಂಡು, ಬಿಡಿ ನಂಬರ್ ಪ್ಯಾಡನ್ನು ಎಡಕ್ಕೆ ಇಟ್ಟುಕೊಳ್ಳಬಹುದು. ಮೊಣಕೈ ಪಕ್ಕೆಯ ಹತ್ತಿರವೇ ಇರಲಿ. ಮಣಿಕಟ್ಟನ್ನು ಮೌಸ್ ಪ್ಯಾಡಿನ ದಿಂಬಿಗೆ ಒತ್ತಿ ಮೌಸ್ ಆಡಿಸಬೇಡಿ.

ಎರಡೂ ಬದಿ ಒಂದೇ ಆಕಾರದ ಹಳೆಯ ಮೌಸ್ ಇದ್ದರೆ ಎಸೆಯಬೇಡಿ. ಸೆಟ್ಟಿಂಗ್‌ನಲ್ಲಿ ಬಟನ್ ಅದಲುಬದಲು ಮಾಡಿ, ಓದುವ, ಸ್ಕ್ರಾಲ್ ಮಾಡುವ ಹೊತ್ತಿಗೆ ಎಡಗೈಗೆ ಕೊಡಿ.