ಕೊಬ್ಬರಿ ಎಣ್ಣೆ ಕುಡಿದ ಟರ್ನ್‌ಟೇಬಲ್

ಸೋದರಮಾವನ ಮನೆಯ ಅಟ್ಟದಿಂದ ಇಳಿದು ಬಂದ ಟರ್ನ್‌ಟೇಬಲ್, ಅಂದರೆ ಹಾಡಿನ ಪ್ಲೇಟು ತಿರುಗಿಸುವ ಯಂತ್ರ, ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಹಾಡುತ್ತಿತ್ತು. ಡಿಸೆಂಬರ್ ತಿಂಗಳು, ಬೆಂಗಳೂರಿನ ಚಳಿ ಬೇರೆ. ಏಳು ಗಂಟೆಗೆ ಹಾಕಿದರೆ ಭೀಮಸೇನ ಜೋಶಿಯವರ ದನಿ ಎಳೆದೆಳೆದು ಬರುತ್ತಿತ್ತು. ಹತ್ತು ನಿಮಿಷ ತಿರುಗಿದ ಮೇಲೆ ಸರಿ. ಮೋಟಾರೇ ಹೋಗಿದೆ ಅಂದುಕೊಂಡು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಸುತ್ತಿದೆ. ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು.

ಪ್ಲಗ್ ಕಿತ್ತು, ತಟ್ಟೆ ಎತ್ತಿ ನೋಡಿದೆ. ಇದು ಬೆಲ್ಟಿನದಲ್ಲ, ಐಡ್ಲರ್ ಚಕ್ರದ್ದು. ಮೋಟಾರಿನ ಪುಲ್ಲಿಗೂ ತಟ್ಟೆಯ ಒಳಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ. ಮೋಟಾರಿನ ದಂಡ ತಿರುಗುವ ಬಳೆಯಲ್ಲಿ, ಅಂದರೆ ಬುಷ್‌ನಲ್ಲಿ, ಹಳದಿ ಮೇಣದಂಥ ಅಂಟು. ಮೂಸಿದರೆ ಕಮಟು ವಾಸನೆ. ಅಮ್ಮನಿಗೆ ತೋರಿಸಿದೆ.

"ಅಯ್ಯೋ, ಕಿರ್ ಅಂದಾಗೆಲ್ಲ ನಿಮ್ಮ ತಾತ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೇನೇ ಬಿಡ್ತಿದ್ರು ಕಣೋ!"

ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಅಲ್ವಾ. ಬೆಳಗಿನ ಕಾಯಿಲೆಗೆ ಕಾರಣ ಅದೇ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಲ್ಲಿ ಬುಷ್‌ಗಳನ್ನು ತೊಳೆದೆ. ಹೊಲಿಗೆ ಮೆಷಿನ್ ಎಣ್ಣೆ ಎರಡೇ ಎರಡು ಹನಿ ಬಿಟ್ಟೆ. ರಬ್ಬರ್ ಚಕ್ರದ ಅಂಚು ಗಾಜಿನ ಹಾಗೆ ಹೊಳೆಯುತ್ತಿತ್ತು, ಅಂದರೆ ಹಿಡಿತ ಹೋಗಿದೆ. 400 ನಂಬರಿನ ಪಾಲಿಶ್ ಪೇಪರ್‌ನಿಂದ ಹಗುರವಾಗಿ ತೀಡಿದೆ. ಅಷ್ಟರಲ್ಲಿ ಅದರ ಪುಟ್ಟ ಕ್ಲಿಪ್ ಹಾರಿ ಮಂಚದಡಿ ಸೇರಿತು. ಆ ಸಂಜೆ ಅದನ್ನು ಹುಡುಕುವುದಕ್ಕೇ ಹೋಯಿತು.

ವೇಗ ನೋಡಲು ಕಾಗದದ ಸ್ಟ್ರೋಬ್ ಚಕ್ರ ಸಾಕು. ಸುತ್ತಲೂ ಗೆರೆ ಎಳೆದ ಬಿಲ್ಲೆ ಅದು, ವೇಗ ಸರಿಯಿದ್ದರೆ ಮಿನುಗುವ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ 180 ಗೆರೆ ಬೇಕು. ಹಳೇ ಎಕ್ಸ್‌ಟೆನ್ಷನ್ ಬಾಕ್ಸಿನ ನಿಯಾನ್ ಇಂಡಿಕೇಟರ್ ಪಕ್ಕದಲ್ಲಿಟ್ಟು, ಕೋಣೆ ಕತ್ತಲು ಮಾಡಿದೆ. ಗೆರೆಗಳು ನಿಂತುಬಿಟ್ಟವು! ಆದರೂ ನನಗೆ ಕೊನೆಗೆ ನಂಬಿಕೆ ಬಂದದ್ದು ಪ್ಲೇಟಿನಲ್ಲಿ ಕೇಳುವ ತಂಬೂರಿಯಿಂದ. ವೇಗ ಚೂರು ಅಲುಗಿದರೂ ತಂಬೂರಿಯ ಶ್ರುತಿ ತೂಗಾಡುತ್ತದೆ.

ಇಷ್ಟಕ್ಕೆ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ಮುಳ್ಳು ಹಿಡಿದಿರುವ ಹಳೇ ಸಿರಾಮಿಕ್ ಕಾರ್ಟ್ರಿಜ್ ಪ್ಲೇಟಿನ ಮೇಲೆ ಐದು ಗ್ರಾಂ ಭಾರ ಕೇಳುತ್ತಿತ್ತು, ಎಲ್‌ಪಿಗಳಿಗೆ (33⅓ರ ದೊಡ್ಡ ಪ್ಲೇಟುಗಳಿಗೆ) ಅದು ಜಾಸ್ತಿ ಅನ್ನಿಸಿ ಮ್ಯಾಗ್ನೆಟಿಕ್ ತಂದೆ. ಕಾರ್ಟ್ರಿಜ್ ಹೊತ್ತ ಆರ್ಮಿನ ತುದಿಯ ವೈರುಗಳನ್ನು ನೇರ ಕಾರ್ಟ್ರಿಜ್ ಪಿನ್ನಿಗೇ ಬೆಸುಗೆ ಹಾಕಿದೆ. ಬಿಸಿಗೆ ಒಳಗಿನ ಕೂದಲೆಳೆಯಂಥ ತಂತಿ ಹೋಯಿತು, ಎಡಗಡೆ ಸ್ಪೀಕರ್ ಮೂಕ. ತಪ್ಪು ಪೂರ್ತಿ ನನ್ನದೇ. ಎರಡನೆಯದನ್ನು ತಂದಾಗ ವೈರನ್ನು ಮೊದಲು ಕ್ಲಿಪ್ಪಿಗೆ ಬೆಸೆದು, ಆರಿದ ಮೇಲೆ ಪಿನ್ನಿಗೆ ಸಿಕ್ಕಿಸಿದೆ. ಜ್ಯುವೆಲರಿ ತಕ್ಕಡಿಯಲ್ಲಿ ಮೂರು ಗ್ರಾಂಗೆ ತೂಗಿಸಿದೆ. ಇದರಿಂದ ಬರುವುದು ಬರೀ ಮೂರು-ನಾಲ್ಕು ಮಿಲಿವೋಲ್ಟ್. ಅದಕ್ಕೆ ಆ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಪ್ರಿಆಂಪ್ ಬೇಕೇ ಬೇಕು.

ಆಮೇಲೆ ಹಮ್. ಜೇನುಗೂಡಿನ ಹಾಗೆ ಗುಂಯ್ ಅಂತ. ಆರ್ಮಿನ ಲೋಹದಿಂದ ಪ್ರಿಆಂಪಿನ ಗ್ರೌಂಡ್ ಸ್ಕ್ರೂಗೆ ಒಂದು ಬೇರೆ ವೈರ್ ಎಳೆದೆ, ಅಡಾಪ್ಟರನ್ನು ಎರಡಡಿ ದೂರ ಸರಿಸಿದೆ. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಹಾಡು ಶುರುವಾದರೆ ಕೇಳಿಸುವುದಿಲ್ಲ.

ಹಳೇ ಕಾರ್ಟ್ರಿಜ್ ಬಿಸಾಡಿಲ್ಲ. ಅದರ ಮುಳ್ಳು ತಿರುಗಿಸಿದರೆ 78 ಸುತ್ತಿನ ಹಳೇ ಪ್ಲೇಟುಗಳಿಗೆ ಬೇಕಾದ ದಪ್ಪ ತುದಿ ಬರುತ್ತದೆ. ಅಮ್ಮನಿಗೆ ಕಾಳಿಂಗರಾಯರ ಪ್ಲೇಟು ಕೇಳಬೇಕು ಅನ್ನಿಸಿದ ಭಾನುವಾರ ಅದನ್ನೇ ಸಿಕ್ಕಿಸಿ, ಭಾರ ಮತ್ತೆ ಐದಕ್ಕೆ ತಂದು, ವೈರನ್ನು ಪ್ರಿಆಂಪಿನಿಂದ ಕಿತ್ತು ಆಂಪಿನ ಆಕ್ಸ್‌ಗೆ (ಪ್ರಿಆಂಪ್ ಬೇಡದ ಸಾಕೆಟ್ಟಿಗೆ) ಚುಚ್ಚುತ್ತೇನೆ. ಒಂದು ಸಲ ಆಕ್ಸ್ ಮರೆತು ಪ್ರಿಆಂಪಿನಲ್ಲೇ ಬಿಟ್ಟಿದ್ದೆ, ಸದ್ದು ಕಿವಿ ಒಡೆಯುವ ಹಾಗೆ ಬಂತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿ ಬಂದರು.